ಸೂಟ್‌ಕೇಸಿನ ಮೇಲಿನ ದೊರೆ

ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವಾಗಿ ಕಂಡುಹಿಡಿದು ನಗುವುದು ಬೇಡ. ಆ ದಿನಗಳಲ್ಲಿ, ಅಂದರೆ ಜಪಾನಿನ ದೊಡ್ಡ ಭೂಕಂಪದ ಮರುವರ್ಷದ ಚಳಿಗಾಲದಲ್ಲಿ, ನನ್ನೊಬ್ಬನನ್ನೇ ಮೈಸೂರಿನ ಅಜ್ಜಿಮನೆಗೆ ಸಾಗಹಾಕಲು ನಮ್ಮ ಮನೆಯಲ್ಲಿ ಒಂದು ನೀಲಿ ಸೂಟ್‌ಕೇಸು ತಯಾರಾಗುತ್ತಿತ್ತು. ಅದರ ಜಿಪ್ಪು ಮುಚ್ಚುತ್ತಿರಲಿಲ್ಲ. ಅದರ ಮೇಲೆ ಹತ್ತಿ ಕೂತು, ಕುಂಡಿ ಊರಿ ಒತ್ತಿ, ಜಿಪ್ಪು ಮುಚ್ಚಲು ನೆರವಾದ ಮಹಾನುಭಾವ ಯಾರು? ನಾನೇ. ಅದನ್ನು ಸಿಂಹಾಸನವೆಂದು ನಂಬಿದ್ದೆ. ತಲೆಯ ಮೇಲೆ ಚಿನ್ನದ ಬಣ್ಣದ ಕಾಗದದ ಕಿರೀಟ ಬೇರೆ. ವಿಷಯ ನಮ್ಮ ಅಪಾರ್ಟ್‌ಮೆಂಟಿನ ಕನ್ನಡದವರಿಗೆಲ್ಲ ಗೊತ್ತಿತ್ತು. ನನ್ನ ಆರು ವರ್ಷದ ತಂಗಿಗೂ ಗೊತ್ತಿತ್ತು. ಎಲ್ಲರನ್ನೂ ಅಣಕಿಸಿಕೊಂಡು, ಎಲ್ಲರ ಒಳಗುಟ್ಟೂ ನನಗೆ ಗೊತ್ತು ಎಂದು ಮೆರೆಯುತ್ತಿದ್ದ ಹತ್ತು ವರ್ಷದ ನನಗೊಬ್ಬನಿಗೇ ಗೊತ್ತಿರಲಿಲ್ಲ.

ನನ್ನ ಹೆಸರು ನಿಶ್ಚಲ. ಹೊತ್ತಿಲ್ಲ ಗೊತ್ತಿಲ್ಲ ಎಂದು ನೆಲ ಅಲುಗುವ ದೇಶದಲ್ಲಿ ಬೆಳೆಯಬೇಕಾದ ಮಗನಿಗೆ ಈ ಹೆಸರಿಟ್ಟ ಅಪ್ಪನ ಧೈರ್ಯ ಮೆಚ್ಚಬೇಕು. ನಾವಿದ್ದದ್ದು ಟೋಕಿಯೊದ ಎಡೋಗಾವಾದಲ್ಲಿ. ಅಲ್ಲಿನ ಲಿಫ್ಟು ನಮ್ಮ ಪಾಲಿಗೆ ಅಡುಗೆಮನೆಗಳ ಸುದ್ದಿಪತ್ರಿಕೆ ಇದ್ದ ಹಾಗೆ: ಒಳಗೆ ಹೊಕ್ಕರೆ ಸಾಕು, ಯಾರ ಮನೆಯಲ್ಲಿ ಇಂಗಿನ ಒಗ್ಗರಣೆ, ಯಾರ ಮನೆಯಲ್ಲಿ ಮೀನು ಸುಡುತ್ತಿದ್ದಾರೆ ಎಲ್ಲ ತಿಳಿಯುತ್ತಿತ್ತು. ನಮ್ಮ ಮೇಲಿನ ಮಹಡಿಯಲ್ಲಿ ತೇಜು ಇದ್ದ. ನನ್ನ ಕ್ಲಾಸು, ನನ್ನ ಬೆಂಚು, ನನ್ನ ಜೀವದ ಗೆಳೆಯ. ಅವನ ಅಮ್ಮ ವಾಣಿ ಆಂಟಿ. ಗಣೇಶನ ಹಬ್ಬದಿಂದ ಹಿಡಿದು ಹುಟ್ಟುಹಬ್ಬದವರೆಗೆ ಎಡೋಗಾವಾದ ಕನ್ನಡದವರು ಏನೇ ಆಚರಿಸಲಿ, ಅದರ ಮುಖ್ಯಸ್ಥೆ ತಾನೇ ಎಂದು ಅವರು ತೀರ್ಮಾನಿಸಿಯಾಗಿತ್ತು. ಬೇರೆಯವರು ಒಪ್ಪಿಯೂ ಆಗಿತ್ತು, ಯಾಕೆಂದರೆ ಬೇರೆ ದಾರಿ ಇರಲಿಲ್ಲ.

ನನ್ನ ಕಸುಬು ಅಣಕ. ಬಾಗಿಲು ಮುಚ್ಚುತ್ತದೆ ಎಂದು ಹೇಳುವ ರೈಲಿನ ಮೂಗುದನಿ ನನಗೆ ಬರುತ್ತಿತ್ತು. ಅಜ್ಜಿಯ ಜೊತೆ ಫೋನಿನಲ್ಲಿ ಮಾತಾಡುವಾಗ ಅಮ್ಮನಿಗೆ ಬರುವ ದನಿ ಒಂದು, ಫೋನಿಟ್ಟ ಮೇಲೆ ನನ್ನನ್ನು ಕರೆಯುವ ದನಿ ಇನ್ನೊಂದು, ಎರಡೂ ಬರುತ್ತಿದ್ದವು. ಅಪ್ಪನದಂತೂ ಕಣ್ಣು ಮುಚ್ಚಿ ಮಾಡುತ್ತಿದ್ದೆ. ಅವರು ಆಫೀಸಿನ ಫೋನು ಬಂದರೆ ಎದ್ದು ನಿಂತು, ಕಾಣದ ಯಜಮಾನನಿಗೆ ಸೊಂಟ ಬಗ್ಗಿಸಿ ‘ಹಾಯ್, ಹಾಯ್’, ಅಂದರೆ ಹೌದು ಹೌದು, ಎಂದು ಹೂಂಗುಡುತ್ತಿದ್ದರು. ದಾರಿಯಲ್ಲಿ ಯಾರಿಗೆ ತಾಗಿದರೂ ‘ಸುಮಿಮಾಸೆನ್’. ಒಮ್ಮೆ ಕೊಂಬಿನಿ ಅಂಗಡಿಯ ಬಾಗಿಲು ತಾನಾಗಿ ತೆರೆದುಕೊಂಡದ್ದಕ್ಕೂ ‘ಸುಮಿಮಾಸೆನ್’ ಎಂದು ಕ್ಷಮೆ ಕೇಳಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಆದರೆ ನನ್ನ ಮೇರುಕೃತಿ ಭೂಕಂಪದ ಅಲಾರಂ. ಆಗ ಅಲ್ಲಿದ್ದವರಿಗೆ ಆ ಸದ್ದು ಇವತ್ತಿಗೂ ಮೈಯೊಳಗೇ ಇರುತ್ತದೆ. ನೆಲ ಅಲುಗುವ ಮೊದಲು ಮನೆಯ ಫೋನುಗಳೆಲ್ಲ ಒಟ್ಟಿಗೇ ಕಿರುಚಿಕೊಳ್ಳುತ್ತಿದ್ದವು. ನಾನು ಅದನ್ನು ವಾರಗಟ್ಟಲೆ ಬಚ್ಚಲಲ್ಲಿ ಅಭ್ಯಾಸ ಮಾಡಿದೆ. ಒಂದು ಭಾನುವಾರ ತೇಜು ಮನೆಯಲ್ಲಿ ದೋಸೆಗೆ ಕಾಯುತ್ತಾ ಕೂತವನು ಸುಮ್ಮನಿರಲಾರದೆ ಬಿಟ್ಟೆ ಒಂದು. ವಾಣಿ ಆಂಟಿ ಮೊಗಚೋ ಕೈ ಹಿಡಿದುಕೊಂಡೇ ಊಟದ ಮೇಜಿನ ಕೆಳಗೆ ನುಗ್ಗಿದರು. ಅಲ್ಲಿಂದಲೇ, ‘ತೇಜೂ, ಗ್ಯಾಸ್ ಆಫ್ ಮಾಡೋ!’ ಎಂದು ಕೂಗಿದರು. ನೆಲ ಅಲುಗಲಿಲ್ಲ, ದೋಸೆ ಸೀದಿತು. ಆಂಟಿ ಹೊರಬಂದು ನನ್ನನ್ನು ನೋಡಿದರು. ‘ನಿನ್ನ ಬಾಯಿಗೆ ಒಂದಿನ ಬೀಗ ಹಾಕಿಸ್ತೀನಿ ನೋಡ್ತಿರು’ ಎಂದರು. ಆ ಮಾತು ನನಗೆ ಆಮೇಲೆ ಬಹಳ ಕೆಲಸ ಕೊಟ್ಟಿತು.

ಡಿಸೆಂಬರು ಬಂತು. ಜಪಾನಿನ ಕ್ರಿಸ್‌ಮಸ್ ನೋಡದವರಿಗೆ ಒಂದು ಮಾತು: ಅಲ್ಲಿ ಅದಕ್ಕೆ ದೇವರ ಗೊಡವೆ ಕಡಿಮೆ, ಕರಿದ ಕೋಳಿಯ ಗೊಡವೆ ಜಾಸ್ತಿ. ಜನ ತಿಂಗಳ ಮೊದಲೇ ಕೋಳಿಯ ಬಕೆಟ್ಟಿಗೆ ಹೆಸರು ಬರೆಸಿ, ಆ ದಿನ ಸಾಲು ನಿಂತು ಒಯ್ಯುತ್ತಾರೆ. ಜೊತೆಗೆ ಬಿಳಿ ಕೆನೆ ಮೆತ್ತಿದ ಸ್ಟ್ರಾಬೆರಿ ಕೇಕು. ಕ್ರಿಸ್‌ಮಸ್ಸಿಗೆ ರಜೆ ಇಲ್ಲ. ಆದರೆ ಅದರ ಹಿಂದುಮುಂದೆಯೇ ಚಕ್ರವರ್ತಿಯ ಹುಟ್ಟುಹಬ್ಬ ಬರುತ್ತಿತ್ತು. ಆ ವರ್ಷ ಅದು ಭಾನುವಾರ ಬಿದ್ದು, ಸೋಮವಾರವೂ ರಜೆ ಸಿಕ್ಕಿ, ಕ್ರಿಸ್‌ಮಸ್ಸಿನ ಹಿಂದಿನ ಸಂಜೆ ಎಲ್ಲ ಅಪ್ಪಂದಿರೂ ಮನೆಯಲ್ಲೇ ಇರುವಂತಾಯಿತು. ವಾಣಿ ಆಂಟಿ ಇಂಥ ಅವಕಾಶ ಬಿಡುವವರೇ?

‘ಇಂಗ್ಲೆಂಡಿನ ರಾಜಮನೆತನದವರು ಕ್ರಿಸ್‌ಮಸ್ ಹೇಗೆ ಮಾಡ್ತಾರಂತೆ ಗೊತ್ತೇನ್ರೋ?’ ಎಂದು ಶುರುಮಾಡಿದರು. ಎಲ್ಲೋ ಓದಿಕೊಂಡು ಬಂದಿದ್ದರು. ಉಡುಗೊರೆಗಳನ್ನು ಹಿಂದಿನ ಸಂಜೆಯೇ ಬಿಚ್ಚುತ್ತಾರಂತೆ. ಅದೂ ಬೆಲೆಬಾಳುವ ಉಡುಗೊರೆಯಲ್ಲ, ಒಬ್ಬರನ್ನೊಬ್ಬರು ಗೇಲಿ ಮಾಡುವ ಅಗ್ಗದ ಸಾಮಾನು ಕೊಡಬೇಕಂತೆ. ಎಲ್ಲರಿಗಿಂತ ಕಿರಿಯರು ಮೊದಲು ಒಳಗೆ ಬರಬೇಕು, ದೊರೆ ಕೊನೆಗೆ. ಊಟಕ್ಕೆ ಮುಂಚೆ ಒಮ್ಮೆ, ಆದಮೇಲೆ ಒಮ್ಮೆ ಎಲ್ಲರನ್ನೂ ತೂಕ ಹಾಕುತ್ತಾರಂತೆ, ಹೊಟ್ಟೆತುಂಬ ತಿಂದರೋ ಇಲ್ಲವೋ ನೋಡಲು.

‘ನಮ್ ತುಲಾಭಾರದ ಥರ’ ಎಂದಳು ಅಮ್ಮ.

‘ತುಲಾಭಾರದಲ್ಲಿ ದೇವ್ರಿಗೆ ಬೆಲ್ಲ ಸಿಗುತ್ತೆ, ಇಲ್ಲಿ ಯಾರಿಗೂ ಏನೂ ಸಿಗಲ್ಲ’ ಎಂದರು ಅಪ್ಪ.

‘ಅಂಕಲ್, ಜಪಾನಿನ ಎಂಪರರ್ ಮನೇಲಿ ಹೇಗ್ ಮಾಡ್ತಾರೆ?’ ಎಂದು ತೇಜು ಕೇಳಿದ.

‘ಅವರು ಹುಟ್ಟಿದ್ದಕ್ಕೆ ನನಗೆ ರಜಾ ಸಿಕ್ಕಿದೆ ಕಣೋ. ಇನ್ನೂ ಏನು ಕೇಳ್ತೀಯ ಅವರ ಹತ್ರ?’

ಅಂತೂ ನಮ್ಮ ಮನೆಯಲ್ಲೇ ರಾಜಮನೆತನದ ಕ್ರಿಸ್‌ಮಸ್ ಎಂದು ಗೊತ್ತಾಯಿತು. ದೊರೆ ಯಾರು? ಸಾಮಾನ್ಯವಾಗಿ ಇಂಥ ಜಾಗದಲ್ಲಿ ನನಗೂ ತೇಜುಗೂ ಮಹಾಯುದ್ಧವಾಗಬೇಕು. ಹಿಂದಿನ ಗಣೇಶನ ಹಬ್ಬದಲ್ಲಿ ಗಣೇಶ ಯಾರಾಗಬೇಕೆಂದು ಹೊಡೆದಾಡಿ, ಸೊಂಡಿಲು ಹರಿದು, ಕೊನೆಗೆ ಇಬ್ಬರೂ ಇಲಿಗಳಾಗಿದ್ದೆವು. ಈ ಸಲ ತೇಜು ತನ್ನ ಚಪ್ಪಲಿಯನ್ನು ನೋಡುತ್ತಾ, ‘ನಿಶ್ಚಲ್ ಕಿಂಗ್ ಆಗ್ಲಿ’ ಎಂದುಬಿಟ್ಟ. ವಾಣಿ ಆಂಟಿ, ನನ್ನ ಬಾಯಿಗೆ ಬೀಗ ಹಾಕಿಸುತ್ತೇನೆ ಎಂದಿದ್ದವರು, ‘ಹೌದು ಹೌದು, ಅವನೇ ಸರಿ’ ಎಂದು ನನ್ನ ಕೆನ್ನೆ ಸವರಿದರು. ಬುದ್ಧಿ ಇದ್ದವನಾಗಿದ್ದರೆ ಅಲ್ಲೇ ಅನುಮಾನ ಪಡುತ್ತಿದ್ದ. ನಾನೋ, ನನ್ನ ಪ್ರತಿಭೆ ಕೊನೆಗೂ ಲೋಕಕ್ಕೆ ತಿಳಿಯಿತು ಎಂದುಕೊಂಡೆ.

ಸಿಂಹಾಸನ ಹುಡುಕುತ್ತಾ ಮಲಗುವ ಕೋಣೆಗೆ ಹೋದರೆ ಅಲ್ಲಿ ನೀಲಿ ಸೂಟ್‌ಕೇಸು ಬಾಯಿ ತೆರೆದುಕೊಂಡು ಬಿದ್ದಿತ್ತು. ‘ಏನಮ್ಮಾ ಇದು?’ ಎಂದೆ. ‘ಭೂಕಂಪದ ಚೀಲ ಕಣೋ. ದೊಡ್ಡದು ಮಾಡ್ತಿದೀನಿ’ ಎಂದಳು ಅಮ್ಮ, ನನ್ನತ್ತ ತಿರುಗದೆ. ಎಲ್ಲರ ಮನೆಯ ಬಾಗಿಲ ಬಳಿಯೂ ನೀರು, ಬಿಸ್ಕತ್ತು, ಟಾರ್ಚು ತುಂಬಿದ ಒಂದು ಚೀಲ ಇರುತ್ತಿತ್ತು. ನೆಲ ಅಲುಗಿದರೆ ಎತ್ತಿಕೊಂಡು ಓಡಲು. ನಮ್ಮಮ್ಮನಿಗೆ ಆ ಚೀಲದ ವಿಷಯದಲ್ಲಿ ತೃಪ್ತಿಯೇ ಇರಲಿಲ್ಲ. ಹಾಗಾಗಿ ನಂಬಿದೆ. ಮೇಲುಗಡೆ ಮಡಿಸಿಟ್ಟಿದ್ದವು ನನ್ನ ಅರ್ಧ ತೋಳಿನ ಅಂಗಿಗಳು. ಡಿಸೆಂಬರಿನಲ್ಲಿ, ಉಸಿರು ಹೊಗೆಯಾಗುವ ಚಳಿಯಲ್ಲಿ! ಅದನ್ನೂ ಕಂಡೆ, ಏನೂ ಅನ್ನಿಸಲಿಲ್ಲ.

‘ಇದು ನನ್ನ ಥ್ರೋನ್!’ ಎಂದೆ.

ಅಮ್ಮ ಅಪ್ಪನ ಮುಖ ನೋಡಿದಳು. ಅಪ್ಪ ಮುಚ್ಚಳ ಹಾಕಿ, ‘ಕೂತ್ಕೊಳ್ಳಿ ಮಹಾರಾಜರೇ, ಗಟ್ಟಿಯಾಗಿ ಕೂತ್ಕೊಳ್ಳಿ’ ಎಂದರು. ನಾನು ಕೂತೆ. ಅವರು ಸುತ್ತಲೂ ಜಿಪ್ಪು ಎಳೆದರು.

ಆ ಸಂಜೆಯ ವಾಸನೆ ಈಗಲೂ ನನಗೆ ಬೇಕೆಂದಾಗ ಬರುತ್ತದೆ. ಕೆಳಗಿನ ಮನೆಯ ಮುದುಕಿ ಮೊರಿತಾ-ಸಾನ್ ಪ್ರತಿ ಚಳಿಗಾಲ ಒಂದು ಚೀಲ ಯುಝು ಹಣ್ಣು ಕೊಡುತ್ತಿದ್ದರು. ಹಳದಿಯ ಉಬ್ಬುತಗ್ಗು ಸಿಪ್ಪೆ, ನಿಂಬೆಗೂ ಕಿತ್ತಳೆಗೂ ನಡುವಿನ ಪರಿಮಳ. ಬಿಸಿನೀರಿಗೆ ಹಾಕಿ ಸ್ನಾನ ಮಾಡಿ ಎಂದು ಅವರು ಕೊಟ್ಟರೆ, ಅಮ್ಮ ಚಿತ್ರಾನ್ನಕ್ಕೆ ಹಿಂಡುತ್ತಿದ್ದಳು. ಮೊರಿತಾ-ಸಾನ್‌ಗೆ ಹೇಳಬೇಡ ಎಂದು ನನಗೆ ತಾಕೀತು. ಕೋಳಿಯ ಬದಲು ಕಾಗದದ ಬಕೆಟ್ಟಿನಲ್ಲಿ ಗೋಬಿ ಮಂಚೂರಿ ಬಂತು. ವಾಣಿ ಆಂಟಿಯ ಮೊಟ್ಟೆಯಿಲ್ಲದ ಕೇಕು ನಡುವೆ ಕುಸಿದು ಬಾಣಲೆಯಂತಾಗಿತ್ತು. ಆ ಹಳ್ಳಕ್ಕೆ ಸ್ಟ್ರಾಬೆರಿ ತುಂಬಿ, ‘ಬೇಕಂತಲೇ ಹಾಗೆ ಮಾಡಿದ್ದು’ ಎಂದರು.

ಮೊದಲು ತಂಗಿ ಇಂಚರ ಬಂದಳು, ರಾಜಕುಮಾರಿ. ಆಮೇಲೆ ಮಂತ್ರಿ ತೇಜು, ಆಮೇಲೆ ದೊಡ್ಡವರು. ಕೊನೆಗೆ ನಾನು, ಅಮ್ಮನ ಮರೂನ್ ಶಾಲು ನೆಲಕ್ಕೆ ಎಳೆದುಕೊಂಡು, ರೈಲಿನ ದನಿಯಲ್ಲಿ ನನ್ನ ಆಗಮನವನ್ನು ನಾನೇ ಘೋಷಿಸಿಕೊಳ್ಳುತ್ತಾ. ಬಚ್ಚಲ ತೂಕದ ಯಂತ್ರವನ್ನು ನಡುಮನೆಗೆ ತಂದಿದ್ದರು. ಎಲ್ಲರೂ ಹತ್ತಿಳಿದ ಮೇಲೆ ಅಪ್ಪ, ‘ಸಿಂಹಾಸನದ ತೂಕಾನೂ ನೋಡ್ಬೇಕು’ ಎಂದು ಸೂಟ್‌ಕೇಸನ್ನು ತಬ್ಬಿ ಎತ್ತಿ ಹತ್ತಿ ನಿಂತರು. ತಮ್ಮ ತೂಕ ಕಳೆದರು. ಅಮ್ಮನ ಕಡೆ ತಿರುಗಿ ಮೆಲ್ಲಗೆ, ‘ಇನ್ನೂ ಎರಡು ಕೆಜಿ ಹಾಕ್ಬಹುದು’ ಎಂದರು.

‘ಹಾಕಿ, ಹಾಕಿ! ಖಜಾನೆ ತುಂಬಲಿ!’ ಎಂದು ಅಪ್ಪಣೆ ಕೊಟ್ಟೆ ನಾನು.

ಉಡುಗೊರೆಯ ಹೊತ್ತು ಬಂತು. ನನ್ನವು ಮೊದಲು. ಅಮ್ಮನಿಗೆ ಖಾಲಿ ನೀರಿನ ಬಾಟಲಿ, ಯಾಕೆಂದರೆ ಭೂಕಂಪದ ನಂತರ ಆಕೆ ಮಂಚದ ಕೆಳಗೆಲ್ಲ ಬಾಟಲಿ ತುಂಬಿದ್ದಳು. ಅಪ್ಪನಿಗೆ ಕುತ್ತಿಗೆಗೆ ನೇತುಹಾಕಿಕೊಳ್ಳುವ ರಟ್ಟು, ಅದರ ಮೇಲೆ ‘ಸುಮಿಮಾಸೆನ್’ ಎಂದು ಬರೆದಿತ್ತು, ಬಾಯಿ ನೋಯದಿರಲಿ ಎಂದು. ವಾಣಿ ಆಂಟಿಗೆ ಒಂದು ಸೀಟಿ. ತೇಜುವಿಗೆ ಅವನೇ ನನ್ನಿಂದ ಕದ್ದಿದ್ದ ರಬ್ಬರಿನ ಅರ್ಧ ತುಂಡು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅಮ್ಮ ತುಸು ಹೆಚ್ಚೇ ನಕ್ಕಳು.

ಆಮೇಲೆ ದೊರೆಗೆ ಕಾಣಿಕೆ. ವಾಣಿ ಆಂಟಿ ಕೊಟ್ಟ ಪೊಟ್ಟಣದಲ್ಲಿ ಒಂದು ಚಂದದ ಪೆನ್ನು. ತಮಾಷೆ ಎಲ್ಲಿದೆ ಎಂದು ಕ್ಯಾಪು ತೆಗೆದು, ತಿರುಗಿಸಿ, ಅಲ್ಲಾಡಿಸಿ ನೋಡಿದೆ. ಬರೆಯಿತು. ಅಪ್ಪನ ಪೊಟ್ಟಣದಲ್ಲಿ ಕೈಗಡಿಯಾರ, ಒಂದರೊಳಗೆ ಎರಡು ಮುಳ್ಳಿನ ಜೋಡಿ. ಒಂದು ಇಲ್ಲಿನ ಸಮಯ, ಇನ್ನೊಂದು ಮೂರೂವರೆ ಗಂಟೆ ಹಿಂದೆ. ತೇಜುವಿನ ಪೊಟ್ಟಣ ಬಿಚ್ಚಿದಾಗ ನನಗೆ ನಿಜಕ್ಕೂ ಸಿಟ್ಟು ಬಂತು. ಅವನ ಹಸಿರು ಬುಲೆಟ್ ರೈಲು. ಮುಟ್ಟಲೂ ಬಿಡದ, ಅದಕ್ಕಾಗಿ ನನ್ನ ಕೈ ಕಚ್ಚಿದ್ದ ರೈಲು.

‘ಏಯ್, ಇದು ಚೀಟಿಂಗ್!’ ಎಂದು ಎದ್ದು ನಿಂತೆ. ‘ಜೋಕ್ ಗಿಫ್ಟ್ ಕೊಡ್ಬೇಕು ಅಂತ ರೂಲು. ನಂಗ್ಯಾಕೆ ಎಲ್ಲಾರೂ ನಿಜವಾದ್ದು ಕೊಡ್ತಿದೀರ?’

ಮೇಜಿನ ಕೆಳಗೆ ಗೋಬಿ ತಿನ್ನುತ್ತಿದ್ದ ಇಂಚರ ತಲೆ ಹೊರಹಾಕಿ, ನಾನು ದಡ್ಡನೋ ಎಂಬಂತೆ ನೋಡಿ, ತನ್ನ ಅರ್ಧ ಜಪಾನಿ ಅರ್ಧ ಕನ್ನಡದಲ್ಲಿ ಹೇಳಿದಳು:

‘ಅಣ್ಣ ಮೈಸೂರಿಗೆ ಹೋಗ್ತಾನಲ್ಲ. ದಕಾರಾ!’ ಅದಕ್ಕೇ!

‘ಯಾರು ಹೋಗ್ತಾರೆ?’ ಎಂದೆ. ‘ಹೋಗ್ತಿರೋದು ತೇಜು. ರಜಕ್ಕೆ. ನಾಡಿದ್ದು.’

‘ನೀನೂನೂ. ಆಂಟಿ ಜೊತೆ. ಅಮ್ಮ ಹೇಳ್ಬೇಡ ಅಂದಿದ್ಲು’ ಎಂದವಳು ಬಾಯಿ ಮುಚ್ಚಿಕೊಂಡು ಮತ್ತೆ ಮೇಜಿನ ಕೆಳಗೆ ಹೋದಳು.

ನಾನು ಕೂತಿದ್ದ ಜಾಗ ನೋಡಿಕೊಂಡೆ. ಅರ್ಧ ತೋಳಿನ ಅಂಗಿಗಳು ಆಗ ಅರ್ಥವಾದವು. ಮೊದಲು ನೆನಪಾದದ್ದು ಮಾತ್ರ ಸೀದ ದೋಸೆ.

‘ಆ ಅಲಾರಂ ಮಾಡಿದ್ದಕ್ಕಾ?’ ಎಂದು ಕೇಳಿದೆ. ‘ಆಂಟಿ, ಸಾರಿ. ಇನ್ಮೇಲೆ ಮಾಡಲ್ಲ. ಯಾರದ್ದೂ ಮಾಡಲ್ಲ.’

ವಾಣಿ ಆಂಟಿ, ‘ಅಯ್ಯೋ, ಇಲ್ಲ ಮರೀ…’ ಎಂದವರು ಸೀಟಿಯನ್ನು ಕೈಯಲ್ಲಿ ತಿರುಗಿಸುತ್ತಾ ಕೂತರು. ಅಮ್ಮ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದಳು. ಪಾತ್ರೆ ತೊಳೆಯುವ ಸದ್ದು ಬರಲಿಲ್ಲ, ನೀರು ಹರಿಯುವ ಸದ್ದಷ್ಟೇ ಬಂತು.

ಹೇಳುವ ಕೆಲಸ ಅಪ್ಪನ ಪಾಲಿಗೆ ಬಿತ್ತು. ಅವರಿಗೆ ಹಮಾಮತ್ಸುವಿಗೆ ವರ್ಗವಾಗಿದೆ. ಬೈಕು ಕಾರು ಮಾಡುವ ಊರು. ಅಲ್ಲಿ ನಾನು ಓದುತ್ತಿರುವಂಥ ಭಾರತದ ಶಾಲೆ ಇಲ್ಲ. ‘ಎರಡೇ ವರ್ಷ ಕಣೋ. ಅಜ್ಜಿ ಹತ್ರ ಇರು. ಅಡ್ಮಿಷನ್ ಆಗಿದೆ.’

‘ಇಂಚು?’

‘ಅವಳು ಚಿಕ್ಕೋಳು. ಇಲ್ಲಿನ ಸ್ಕೂಲಿಗೇ ಹೋಗ್ತಾಳೆ.’

ದಾರಿಯ ಕಂಬಕ್ಕೂ ಕ್ಷಮೆ ಕೇಳುವ ಮನುಷ್ಯ. ನಾನು ಕಾದೆ. ಕೊರಳಲ್ಲಿ ರಟ್ಟು ನೇತಾಡುತ್ತಿತ್ತು, ಬಾಯಿಂದ ಆ ಮಾತು ಬರಲಿಲ್ಲ.

ತೇಜುವಿನ ಕಡೆ ತಿರುಗಿದೆ. ‘ನಿಂಗೆ ಗೊತ್ತಿತ್ತಾ?’

‘ನಿಮ್ಮಮ್ಮ ಪ್ರಾಮಿಸ್ ತಗೊಂಡಿದ್ರು’ ಎಂದ. ಆಮೇಲೆ, ಸಮಾಧಾನ ಹೇಳುತ್ತಿದ್ದೇನೆ ಎಂದುಕೊಂಡು, ‘ಅದಕ್ಕೇ ಅಲ್ವಾ ನಿನ್ನ ಕಿಂಗ್ ಮಾಡಿದ್ದು’ ಎಂದ.

ಕಳಿಸುವುದನ್ನಾದರೂ ತಡೆದುಕೊಳ್ಳುತ್ತಿದ್ದೆನೇನೋ. ಕಿರೀಟ ನನ್ನ ಯೋಗ್ಯತೆಗೆ ಬಂದದ್ದಲ್ಲ, ಬಲಿಯ ಕುರಿಗೆ ಕಟ್ಟಿದ ಹೂವು ಎಂದು ತಿಳಿದದ್ದು ನನ್ನ ಬೆನ್ನು ಮುರಿಯಿತು. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ಅಳಬೇಕಾಗಿದ್ದ ಜಾಗ ಅದು. ಅತ್ತಿದ್ದರೆ, ಕಾಲು ಹಿಡಿದಿದ್ದರೆ, ಸೂಟ್‌ಕೇಸನ್ನು ಬಾಲ್ಕನಿಯಿಂದ ಎಸೆದಿದ್ದರೆ ಏನಾಗುತ್ತಿತ್ತೋ. ಆದರೆ ಅಷ್ಟು ಜನ ನನ್ನನ್ನು ನೋಡುತ್ತಿದ್ದರೆ ನನಗೆ ಬರುತ್ತಿದ್ದದ್ದು ಒಂದೇ ವಿದ್ಯೆ. ಬಕೆಟ್ಟಿನಿಂದ ಒಂದು ಗೋಬಿ ತುಂಡು ತೆಗೆದು ಫೋನಿನಂತೆ ಕಿವಿಗಿಟ್ಟುಕೊಂಡೆ. ಎದ್ದು ನಿಂತು, ಸೊಂಟ ಬಗ್ಗಿಸಿ, ಅಪ್ಪನ ದನಿಯಲ್ಲಿ, ‘ಹಾಯ್, ಹಾಯ್! ಹಮಾಮತ್ಸು? ಹಾಯ್! ಮಗ? ಮಗ ಬೇಡ, ಹಾಯ್! ಮಗನ್ನ ಪಾರ್ಸೆಲ್ ಮಾಡ್ತೀನಿ, ಹಾಯ್, ಹಾಯ್!’ ಎಂದೆ.

ಎಲ್ಲರೂ ಮನೆಯೇ ಬಿರಿಯುವಂತೆ ನಕ್ಕರು. ಕಣ್ಣೀರು ಬರುವ ಹಾಗೆ, ಬಿಡುಗಡೆಯಾದವರ ಹಾಗೆ. ಅಪ್ಪನೂ ನಕ್ಕರು. ‘ನೋಡಿ, ಎಷ್ಟು ಈಸಿಯಾಗಿ ತಗೊಂಡ! ನಾವು ಸುಮ್ನೆ ಹೆದರ್ಕೊಂಡ್ವಿ’ ಎಂದರು ವಾಣಿ ಆಂಟಿ. ವಿಷಯ ಅಲ್ಲಿಗೆ ಮುಗಿಯಿತು. ಮುಗಿಸಿಕೊಟ್ಟವನು ನಾನೇ. ಊಟವಾದ ಮೇಲೆ ಮತ್ತೆ ತೂಕ ಹಾಕಿದರು. ದೊರೆ ಏನೂ ತಿಂದಿಲ್ಲ ಎಂದು ಯಂತ್ರ ಹೇಳಿತು. ಯಂತ್ರ ಕೆಟ್ಟಿದೆ ಎಂದರು ಅಪ್ಪ.

ಎರಡು ವರ್ಷ ಎಂದದ್ದು ನನ್ನ ಸ್ಕೂಲು ಮುಗಿಯುವವರೆಗೂ ಎಳೆಯಿತು. ತೇಜು ರಜೆ ಮುಗಿಸಿ ವಾಪಸು ಹೋದ. ಒಂದಷ್ಟು ದಿನ ಫೋನು ಮಾಡಿದ, ಆಮೇಲೆ ಅವನಿಗೆ ಬೇರೆ ಬೆಂಚು, ಬೇರೆ ಗೆಳೆಯ. ಮೈಸೂರಿನ ಸರಸ್ವತೀಪುರಂನಲ್ಲಿ ಅಜ್ಜಿ ನನ್ನನ್ನು ತುಪ್ಪ ಸುರಿದೇ ಸಾಕಿದರು, ಅದರಲ್ಲಿ ದೂರಿಲ್ಲ. ಹೊಸ ಶಾಲೆಯಲ್ಲಿ ನನ್ನ ಹೆಸರು ‘ಜಪಾನ್’ ಎಂದಾಯಿತು. ಮೊದಲ ವಾರವೇ ನನ್ನ ಮೇರುಕೃತಿಯನ್ನು ಪ್ರದರ್ಶಿಸಿದೆ. ಯಾರೂ ಮೇಜಿನ ಕೆಳಗೆ ನುಗ್ಗಲಿಲ್ಲ. ‘ಏನ್ಲಾ ಅದು, ಆಂಬ್ಯುಲೆನ್ಸಾ?’ ಎಂದ ಒಬ್ಬ. ಹೆದರುವವರಿಲ್ಲದ ಊರಲ್ಲಿ ಅದು ಬರೀ ಸದ್ದು.

ಕಳೆದುಕೊಂಡದ್ದನ್ನು ಅಳೆಯಲು ನನ್ನ ಹತ್ತಿರ ಇರುವ ಕೋಲು ಈ ಗಂಟಲೊಂದೇ. ಜಪಾನಿ ಭಾಷೆ ಹೋಯಿತು. ರೈಲಿನ ದನಿ ಮಾಡಬಲ್ಲೆ, ಅದು ಹೇಳುವುದರಲ್ಲಿ ಅರ್ಧ ತಿಳಿಯುವುದಿಲ್ಲ. ಮೊರಿತಾ-ಸಾನ್ ತೀರಿಕೊಂಡರಂತೆ, ಅವರ ಕೆಮ್ಮು ನನ್ನಲ್ಲಿದೆ. ಆದರೆ ಇಂಚರ? ಆರು ವರ್ಷದ ಇಂಚರಳನ್ನು ಈಗ ಬೇಕಾದರೂ ಮಾಡಿ ತೋರಿಸುತ್ತೇನೆ. ಎಂಟರ ಇಂಚರ, ಹತ್ತರ ಇಂಚರ, ಹನ್ನೆರಡರ ಇಂಚರ ನನಗೆ ಬರುವುದಿಲ್ಲ. ಫೋನಿನಲ್ಲಿ ಕೇಳಿದ ದನಿಯನ್ನು ಅಣಕಿಸಬಹುದು, ಆದರೆ ಅವಳು ಬಾಗಿಲು ಹೇಗೆ ತಳ್ಳುತ್ತಿದ್ದಳು, ಸಿಟ್ಟು ಬಂದಾಗ ತಟ್ಟೆ ಹೇಗಿಡುತ್ತಿದ್ದಳು? ಈಗ ಮನೆಯಲ್ಲಿ ಕಾಲೇಜಿಗೆ ಹೋಗುವ ಒಬ್ಬಳು ಹುಡುಗಿ ಇದ್ದಾಳೆ. ನನ್ನ ಜೋಕಿಗೆ ಮರ್ಯಾದೆಗೆ ನಗುತ್ತಾಳೆ.

ಅವರೆಲ್ಲ ಬೆಂಗಳೂರಿಗೆ ಮರಳಿದ್ದಾರೆ, ನಾನೂ ಅವರ ಜೊತೆಗೇ ಇದ್ದೇನೆ. ಹೋದ ಡಿಸೆಂಬರಿನಲ್ಲಿ ಅಮ್ಮ ಊಟದ ಮೇಜಿನ ಮೇಲೆ ನೆನೆಸಿದ ಅವರೆಕಾಳು ಹರಡಿಕೊಂಡು ಹಿತುಕುತ್ತಾ ಕೂತಿದ್ದಳು. ಬೀದಿಯಲ್ಲಿ ಯಾರದೋ ಮನೆಯ ಕ್ರಿಸ್‌ಮಸ್ ನಕ್ಷತ್ರ ಹೊತ್ತಿಕೊಂಡಿತು. ನಾನು ಎದುರಿಗೆ ಕೂತು ಆ ಸಂಜೆಯನ್ನು ಮತ್ತೆ ಆಡಿ ತೋರಿಸತೊಡಗಿದೆ: ಅಪ್ಪ, ವಾಣಿ ಆಂಟಿ, ತೇಜು, ನಾನು. ಅಮ್ಮ ನಗುತ್ತಿದ್ದಳು. ಅವಳ ಪಾತ್ರ ಬಂದಾಗ ನನಗೆ ಹೇಳಿಸಲು ಮಾತು ಸಿಗಲಿಲ್ಲ, ಅವಳು ಅಂದು ಏನೂ ಹೇಳಿರಲಿಲ್ಲ. ಆಟ ಅಲ್ಲೇ ನಿಂತಿತು. ನನ್ನ ಸ್ವಂತ ದನಿ ಹೊರಟಿತು. ಅದನ್ನು ನಾನು ಅಷ್ಟಾಗಿ ಅಭ್ಯಾಸ ಮಾಡಿಲ್ಲ.

‘ಎಲ್ಲರಿಗೂ ಹೇಳಿದ್ರಿ. ಇಂಚೂಗೂ ಹೇಳಿದ್ರಿ. ನನ್ನನ್ನೊಂದು ಮಾತು ಕೇಳ್ಬಹುದಿತ್ತಲ್ಲಮ್ಮಾ?’

ಅಮ್ಮ ತಲೆ ಎತ್ತಲಿಲ್ಲ. ಒಂದು ಕಾಳಿನ ಸಿಪ್ಪೆ ಹಿಂಡಿ, ಬೇಳೆಯನ್ನು ಪಾತ್ರೆಗೆ ಹಾರಿಸಿದಳು.

‘ಕೇಳಿದ್ರೆ ನೀನು ಬೇಡ ಅಂತಿದ್ದೆ. ನೀನು ಬೇಡ ಅಂದಿದ್ರೆ ನನ್ನ ಕೈಲಿ ಕಳ್ಸೋಕೆ ಆಗ್ತಿರ್ಲಿಲ್ಲ. ಅದಕ್ಕೇ ಕೇಳ್ಲಿಲ್ಲ.’